ಮ್ಯಾಂಜನಾರ್: ತಂತಿಬೇಲಿಯೊಳಗೆ ತೋಟ ಮಾಡಿದವರು

ಲಾಸ್ ಏಂಜಲೀಸ್ ಕಡೆಯಿಂದ 395ನೇ ಹೆದ್ದಾರಿಯಲ್ಲಿ ಹೋಗುವಾಗ, ಲೋನ್ ಪೈನ್ ಊರು ದಾಟಿ ಸ್ವಲ್ಪ ದೂರಕ್ಕೆ ಎಡಗಡೆ ಒಂದು ಕಾವಲು ಗೋಪುರ ಕಾಣುತ್ತದೆ. ಅದೇ ಮ್ಯಾಂಜನಾರ್, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ತನ್ನಲ್ಲಿದ್ದ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಕ್ಯಾಲಿಫೋರ್ನಿಯಾದ ಕ್ಯಾಂಪು. ಮನೆಯವರೆಲ್ಲ ಇಳಿದೆವು, ಅತ್ತೆಯವರೂ ಜೊತೆಗಿದ್ದರು.

1942ರ ಫೆಬ್ರವರಿ 19ರಂದು, ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ, ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಕ್ಯಾಂಪುಗಳಿಗೆ ಸಾಗಿಸಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಕೇಸಿಲ್ಲ, ವಿಚಾರಣೆಯಿಲ್ಲ. ದೊಡ್ಡ ಕ್ಯಾಂಪುಗಳು 10, ಅದರಲ್ಲಿ ಇದೊಂದು. ಇಲ್ಲೇ ಒಂದು ಹೊತ್ತಿನಲ್ಲಿ 10,000ಕ್ಕೂ ಜಾಸ್ತಿ ಜನ ಇದ್ದರು.

14ನೇ ಬ್ಲಾಕಿನಲ್ಲಿ ಬ್ಯಾರಕ್‌ಗಳನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. 20 ಅಡಿಗೆ 25 ಅಡಿಯ ಕೋಣೆ, ಎಂಟು ಜನಕ್ಕೆ. ಹುಲ್ಲು ತುಂಬಿದ ಹಾಸಿಗೆ. ಹಲಗೆ ಒಣಗಿ ಬಿರುಕು ಬಿಟ್ಟಲ್ಲೆಲ್ಲ ಧೂಳು ನುಗ್ಗುತ್ತಿತ್ತು, ಜನ ಡಬ್ಬಿ ಮುಚ್ಚಳ ತಂದು ಮೊಳೆ ಹೊಡೆದು ತೂತು ಮುಚ್ಚುತ್ತಿದ್ದರು. ಹೆಂಗಸರ ಶೌಚಾಲಯಕ್ಕೆ ಹೋದರೆ ಕಮೋಡುಗಳು ಬೆನ್ನಿಗೆ ಬೆನ್ನು ಹಚ್ಚಿ ಸಾಲಾಗಿವೆ, ನಡುವೆ ಒಂದು ತಟ್ಟಿಯೂ ಇಲ್ಲ. 'ಅಯ್ಯೋ, ಇಲ್ಲಿ ಹೇಗಮ್ಮಾ ಕೂತ್ಕೊಳ್ತಿದ್ರು?' ಅಂದರು ಅತ್ತೆ. ಮಾನಕ್ಕೆ ಅಂಜಿ ಎಷ್ಟೋ ಹೆಂಗಸರು ರಾತ್ರಿ ಆಗಲಿ ಅಂತ ಕಾಯುತ್ತಿದ್ದರಂತೆ.

ಇಂಥ ಜಾಗದಲ್ಲೇ ಅವರು ತೋಟ ಮಾಡಿದರು! ಕಲ್ಲು ಜೋಡಿಸಿ ಕೊಳ ಕಟ್ಟಿದರು, ಸೇತುವೆ ಕಟ್ಟಿದರು, ಊಟಕ್ಕೆ ಸರದಿ ನಿಲ್ಲುವವರಿಗೆ ಕಣ್ಣಿಗೆ ಸ್ವಲ್ಪ ತಂಪಾಗಲಿ ಅಂತ ಊಟದ ಹಾಲಿನ ಪಕ್ಕದಲ್ಲೂ ಗಿಡ ಬೆಳೆಸಿದರು. ಮಣ್ಣು ಮುಚ್ಚಿದ್ದ ಆ ಕೊಳಗಳನ್ನು ಈಗ ಅಗೆದು ತೆಗೆದಿದ್ದಾರೆ.

ದೇಶದ ರಕ್ಷಣೆಗಾಗಿ ಹೀಗೆ ಮಾಡಬೇಕಾಯಿತು ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ಬಾಂಬ್ ಬಿದ್ದದ್ದು ಹವಾಯಿಯಲ್ಲಿ. ಅಲ್ಲಿ ಮೂರರಲ್ಲೊಬ್ಬರಿಗಿಂತ ಜಾಸ್ತಿ ಜನ ಜಪಾನಿ ಮೂಲದವರು. ಅಷ್ಟೂ ಜನರನ್ನು ಹಿಡಿದರೆ ದ್ವೀಪದ ಕೆಲಸವೇ ನಿಲ್ಲುತ್ತಿತ್ತು, ಅದಕ್ಕೆ ಹಿಡಿಯಲಿಲ್ಲ. ಅಲ್ಲಿಲ್ಲದ ಅಪಾಯ ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿಂದ ಬಂತು? 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಮಾಡಿತು. ಅಷ್ಟರಲ್ಲಿ ಹಿರಿಯರು ಬಹಳ ಜನ ತೀರಿಕೊಂಡಿದ್ದರು.

ಪ್ರವೇಶ ಉಚಿತ. ಒಳಗೆ ಕಾರಿನಲ್ಲೇ ಸುತ್ತುವ ದಾರಿಯೂ ಇದೆ. ಆದರೆ ಬ್ಲಾಕ್ 14ರಲ್ಲಿ ಮಾತ್ರ ಇಳಿದು ನಡೆಯಿರಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.