ರಾಜ್‌ದೂತ್ 350: ಎರಡು ಕಾರ್ಬ್ಯುರೇಟರ್‌ಗಳನ್ನು ಸರಿಸಮ ಮಾಡುವ ಕೆಲಸ, ಇಲ್ಲಿಯವರೆಗೆ

ಶನಿವಾರ ಮಧ್ಯಾಹ್ನ

ನನ್ನ ರಾಜ್‌ದೂತ್ 350 ಬೈಕಿನ ಟ್ಯಾಂಕ್ ಇಳಿಸಿ ಎರಡೂ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿದ್ದಾಯಿತು. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಹೊತ್ತನ್ನು ಮೊದಲೇ ಕೇಳಿಕೊಂಡಿದ್ದೇನೆ. ಹೊಗೆಯುಗುಳುವ ಟೂ ಸ್ಟ್ರೋಕ್ ಗಾಡಿ ಇಟ್ಟುಕೊಂಡವನು ಹನುಮಂತನಗರದಂಥ ಇಕ್ಕಟ್ಟಿನ ಬಡಾವಣೆಯಲ್ಲಿ ಬಾಳಬೇಕಾದರೆ ಇಷ್ಟು ಮರ್ಯಾದೆ ಬೇಕೇ ಬೇಕು.

ತೊಂದರೆ ಇದು: ನಿಂತಲ್ಲಿ ಎಂಜಿನ್ ಸೊಗಸಾಗಿ ಓಡುತ್ತದೆ. ಅರ್ಧಕ್ಕಿಂತ ಹೆಚ್ಚು ಥ್ರಾಟಲ್ (ಹಿಡಿ ತಿರುಗಿಸಿ ಕೊಡುವ ಆಕ್ಸಿಲರೇಟರ್) ಕೊಟ್ಟರೆ ದೂರಲು ಏನೂ ಇಲ್ಲ. ಆದರೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ, ಹಿಡಿಯನ್ನು ಒಂದಿಷ್ಟೇ ತಿರುಗಿಸಿ ಏರು ಹತ್ತಿಸುವಾಗ, ಗಾಡಿ ಕುಲುಕುತ್ತದೆ. ಬಲಗಡೆಯ ಸೈಲೆನ್ಸರ್ ಹೊಗೆಯುಗುಳುತ್ತಿದ್ದರೆ ಎಡಗಡೆಯದು ಸುಮ್ಮನಿರುತ್ತದೆ. ಬೆಂಗಳೂರಿನಲ್ಲಿ ಗಾಡಿ ಓಡುವುದೇ ಬಹುಪಾಲು ಈ ಸಣ್ಣ ಥ್ರಾಟಲ್‌ನಲ್ಲಿ. ಹಾಗಾಗಿ ಇದನ್ನು ಸಣ್ಣ ದೋಷವೆಂದು ಬಿಡುವಂತಿಲ್ಲ.

ಗೊತ್ತಿಲ್ಲದವರಿಗೆ: ಇದು ಯಮಾಹಾ ಆರ್‌ಡಿ 350ರ ಭಾರತೀಯ ರೂಪ. ಎಸ್ಕಾರ್ಟ್ಸ್ ಸಂಸ್ಥೆ 1983ರಿಂದ ಎಂಬತ್ತರ ದಶಕದ ಕೊನೆಯವರೆಗೆ ತಯಾರಿಸಿತು. 30.5 ಅಶ್ವಶಕ್ತಿಯ ಎಚ್‌ಟಿ (ಹೈ ಟಾರ್ಕ್), 27ರ ಎಲ್‌ಟಿ (ಲೋ ಟಾರ್ಕ್) ಎಂದು ಎರಡು ಬಗೆ, ನನ್ನದು ಎಲ್‌ಟಿ. ಒಟ್ಟು 347 ಸಿಸಿ, ಎರಡು ಸಿಲಿಂಡರ್. ಪ್ರತಿಯೊಂದಕ್ಕೂ ತನ್ನದೇ ಕಾರ್ಬ್ಯುರೇಟರ್, ಕಿಡಿ ಹಾರಿಸಲು ತನ್ನದೇ ಪಾಯಿಂಟ್, ತನ್ನದೇ ಕಾಯಿಲ್, ತನ್ನದೇ ಸೈಲೆನ್ಸರ್. ಒಂದೇ ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಕಟ್ಟಿದ ಎರಡು ಬೇರೆ ಗಾಡಿಗಳು ಎಂದುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಶನಿವಾರ ಸಂಜೆ

ತೊಳೆಯುವ ಕೆಲಸ ಮುಗಿಯಿತು. ಪೈಲಟ್ ಜೆಟ್‌ಗಳ (ಸಣ್ಣ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ಹಿತ್ತಾಳೆಯ ಸಣ್ಣ ನಳಿಗೆಗಳ) ತೂತಿನಲ್ಲಿ ಹಳೆಯ ಪೆಟ್ರೋಲಿನ ಅಂಟು ಇತ್ತು. ವಿದ್ಯುತ್ ತಂತಿಯ ಒಂದೆಳೆ ತಾಮ್ರದಿಂದ ಬಿಡಿಸಿದೆ. ಉಕ್ಕಿನ ತಂತಿ ತೂರಿಸಿದರೆ ಹಿತ್ತಾಳೆಯ ತೂತು ಹಿಗ್ಗಿ ಜೆಟ್ ಕೆಡುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಎರಡೂ ಫ್ಲೋಟ್‌ಗಳ ಎತ್ತರ ಒಂದೇ ಅಳತೆಗೆ ಬಂತು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ಎಡಗಡೆಯ ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿತ್ತು; ಜೆ.ಸಿ. ರಸ್ತೆಯಿಂದ ಜೋಡಿಯನ್ನೇ ತಂದು ಎರಡೂ ಕಡೆ ಬದಲಿಸಿದೆ. ಡಯಲ್ ಗೇಜ್ ಇಟ್ಟು ಎರಡೂ ಸಿಲಿಂಡರ್‌ಗಳ ಇಗ್ನಿಷನ್ ಟೈಮಿಂಗ್ ನೋಡಿದ್ದೂ ಆಯಿತು. ಕಿಡಿ ಹಾರುವ ಗಳಿಗೆಯೇ ಬೇರೆ ಬೇರೆಯಾಗಿದ್ದರೆ ಕಾರ್ಬ್ಯುರೇಟರಿನ ತಿರುಪು ತಿರುಗಿಸುತ್ತ ಕೂರುವುದು ವ್ಯರ್ಥ.

ಗೆಳೆಯನೊಬ್ಬ ತನ್ನ ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಮೀಟರು) ಕೊಡುತ್ತೇನೆಂದ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಗಾಡಿಗಳಿಗೆ ಅದೇ ಸರಿಯಾದ ಸಾಧನ. ಇಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ: ಈ ಎಂಜಿನ್ ಉಸಿರೆಳೆಯುವುದು ರೀಡ್ ವಾಲ್ವ್ (ಒಂದೇ ದಿಕ್ಕಿಗೆ ತೆರೆಯುವ ತೆಳು ಪಟ್ಟಿ) ಮೂಲಕ ಕ್ರ್ಯಾಂಕ್ ಇರುವ ಪೆಟ್ಟಿಗೆಗೆ, ಆ ಎಳೆತ ಕ್ಷೀಣ, ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಸ್ಲೈಡ್‌ಗಳ (ಹಿಡಿ ತಿರುಗಿಸಿದಂತೆ ಮೇಲೇರಿ ಕಾರ್ಬ್ಯುರೇಟರಿನ ಬಾಯಿ ತೆರೆಯುವ ಬಾಗಿಲುಗಳ) ಎತ್ತರವನ್ನೇ ನೇರವಾಗಿ ಅಳೆಯುವುದು ಮೇಲು.

ಭಾನುವಾರ ಬೆಳಿಗ್ಗೆ

ಐಡ್ಲಿಂಗ್ (ಹಿಡಿ ಬಿಟ್ಟಾಗ ಎಂಜಿನ್ ಓಡುವ ವೇಗ) ಸರಿಮಾಡಿ, ಎರಡೂ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, ‘ಹೊಂದಿಕೊಂಡಿತು, ತೆಗೆದುಕೊಂಡು ಹೋಗಿ’ ಎನ್ನುವ ವಾಡಿಕೆ ಗ್ಯಾರೇಜುಗಳಲ್ಲಿದೆ. ನನಗೆ ಅದರ ಮೇಲೆ ನಂಬಿಕೆಯಿಲ್ಲ. ಹಿಡಿ ಬಿಟ್ಟಾಗ ಸ್ಲೈಡ್ ಕೂರುವುದು ಸ್ಟಾಪ್ ಸ್ಕ್ರೂ (ಅದು ಪೂರ್ತಿ ಕೆಳಗಿಳಿಯದಂತೆ ತಡೆಯುವ ತಿರುಪು) ಮೇಲೆ. ಆಗ ಕೇಬಲ್‌ಗೆ ಕೆಲಸವೇ ಇಲ್ಲ. ಹಿಡಿ ತಿರುಗಿಸಿದ ಮರುಗಳಿಗೆ ಸ್ಲೈಡ್ ಸ್ಕ್ರೂ ಬಿಟ್ಟು ಕೇಬಲ್‌ಗೆ ಜೋತುಬೀಳುತ್ತದೆ. ಆಗ ಸ್ಕ್ರೂಗೆ ಕೆಲಸವಿಲ್ಲ. ಅಂದರೆ ಇವು ಎರಡು ಪ್ರತ್ಯೇಕ ಹೊಂದಾಣಿಕೆಗಳು. ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದು ಸರಿಯಿರಬೇಕೆಂದಿಲ್ಲ.

ಎಡಗಡೆಯ ಕೇಬಲ್ ಒಂದು ಮಿಲಿಮೀಟರ್ ಹೆಚ್ಚು ಸಡಿಲವಿದೆ ಎಂದಿಟ್ಟುಕೊಳ್ಳಿ. ಬಲಗಡೆಯ ಸ್ಲೈಡ್ ಎರಡು ಮಿಲಿಮೀಟರ್ ಏರಿದಾಗ ಎಡಗಡೆಯದು ಏರಿರುವುದು ಒಂದೇ, ಅರ್ಧಕ್ಕರ್ಧ ವ್ಯತ್ಯಾಸ. ಥ್ರಾಟಲ್ ಪೂರ್ತಿ ತೆರೆದಾಗ ಎರಡೂ ಎರಡೂವರೆ ಸೆಂಟಿಮೀಟರಿನಷ್ಟು ಏರಿರುತ್ತವೆ. ಅಲ್ಲಿ ಅದೇ ಒಂದು ಮಿಲಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಗಾಡಿ ಹೆದ್ದಾರಿಯಲ್ಲಿ ನಗುತ್ತ, ಗಾಂಧಿ ಬಜಾರಿನಲ್ಲಿ ಮುನಿಸಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಮಾಡಿದ ಕ್ರಮ: ಮೊದಲು ಎರಡೂ ಸ್ಟಾಪ್ ಸ್ಕ್ರೂಗಳನ್ನು ಪೂರ್ತಿ ಹಿಂದಕ್ಕೆ ಬಿಟ್ಟು, ಸ್ಲೈಡ್ ತಳಕ್ಕೆ ಕೂರುವಂತೆ ಮಾಡಿದೆ. ಏರ್ ಫಿಲ್ಟರಿನ ರಬ್ಬರ್ ಕಳಚಿದರೆ ಕಾರ್ಬ್ಯುರೇಟರಿನ ಬಾಯಿ ಕಾಣುತ್ತದೆ. ಹೊಸ, ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳನ್ನು (3 ಮಿಲಿಮೀಟರಿನವು) ತೆಗೆದುಕೊಂಡು, ಹಿಡಿಯನ್ನು ಸ್ವಲ್ಪ ತಿರುಗಿಸಿ ರಬ್ಬರ್ ಬ್ಯಾಂಡ್ ಸುತ್ತಿ ನಿಲ್ಲಿಸಿ, ಒಂದೊಂದು ಸ್ಲೈಡಿನ ಕೆಳಗೆ ಒಂದೊಂದು ಬಿಟ್ಟಿನ ನಯವಾದ ಬುಡವನ್ನು ತೂರಿಸಿದೆ. ಕಾರ್ಬ್ಯುರೇಟರಿನ ತಲೆಯ ಮೇಲಿನ ಕೇಬಲ್ ಅಡ್ಜಸ್ಟರ್ ತಿರುಗಿಸುತ್ತ ಹೋದರೆ, ಎರಡೂ ಬಿಟ್‌ಗಳು ಬೆರಳಿಗೆ ಒಂದೇ ಬಿಗಿ ಕೊಡುವ ಸ್ಥಿತಿ ಸಿಗುತ್ತದೆ. ಲಾಕ್ ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ತಾನೂ ಸ್ವಲ್ಪ ತಿರುಗುವುದರಿಂದ ಬಿಗಿಮಾಡಿದ ಮೇಲೆ ಮತ್ತೊಮ್ಮೆ ನೋಡಲೇಬೇಕು. ಕೊನೆಗೆ ಹಿಡಿಯನ್ನು ಪೂರ್ತಿ ತಿರುಗಿಸಿ, ಎರಡೂ ಸ್ಲೈಡ್‌ಗಳು ಬಾಯಿಂದ ಸಂಪೂರ್ಣ ಮೇಲೇರುತ್ತವೆಯೇ ಎಂದು ಟಾರ್ಚ್ ಬಿಟ್ಟು ನೋಡಿದೆ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯೊಂದನ್ನು ವಿಲ್ಸನ್ ಗಾರ್ಡನ್ನಿನ ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿಕೊಟ್ಟಿದ್ದರು. ‘ಎಂಜಿನ್ ಆಫ್ ಮಾಡಿ, ಹಿಡಿ ಸ್ವಲ್ಪ ತಿರುಗಿಸಿ ತಟ್ಟನೆ ಬಿಡಿ ಸಾರ್. ಎಷ್ಟು ಸದ್ದು ಬಂತು, ಎಣಿಸಿ’ ಎಂದಿದ್ದರು. ಸ್ಲೈಡ್‌ಗಳು ಒಟ್ಟಿಗೆ ಕೂತರೆ ಒಂದೇ ‘ಟಕ್’. ಸ್ವಲ್ಪ ಹಿಂದುಮುಂದಾದರೂ ‘ಟಕಟಕ್’. ಬೆರಳಿಗೆ ಸರಿಯೆನಿಸಿದ್ದ ಜೋಡಿ ಕಿವಿಗೆ ಇನ್ನೂ ಎರಡಾಗಿಯೇ ಕೇಳುತ್ತಿತ್ತು. ಅಡ್ಜಸ್ಟರನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದ ಮೇಲೆ ಒಂದಾಯಿತು. ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಶುರುವಾಗುವ ಮುಂಚೆ ಮಾಡಬೇಕಾದ ಕೆಲಸವಿದು.

ಭಾನುವಾರ, ಹತ್ತು ಗಂಟೆಯ ಮೇಲೆ

ಈಗ ಐಡ್ಲಿಂಗ್. ಎಂಜಿನ್ ಬಿಸಿ ಮಾಡಿ, ಒಂದು ಪ್ಲಗ್ಗಿನ ಕ್ಯಾಪ್ ಕಿತ್ತು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿಟ್ಟೆ (ಕಿಡಿಗೆ ದಾರಿಯಿಲ್ಲದಿದ್ದರೆ ಕಾಯಿಲ್ ಸುಡುತ್ತದೆ). ಉಳಿದ ಒಂದೇ ಸಿಲಿಂಡರಿನಲ್ಲಿ ಎಂಜಿನ್ ಆರದೆ ಓಡುವಷ್ಟು ಸ್ಟಾಪ್ ಸ್ಕ್ರೂ ಏರಿಸಿ, ಆರ್‌ಪಿಎಂ ಮುಳ್ಳು ನೋಡಿಕೊಂಡೆ. ಆಮೇಲೆ ಇನ್ನೊಂದು ಕಡೆ ಅದೇ ವೇಗಕ್ಕೆ ತಂದೆ. ಎರಡನ್ನೂ ಜೋಡಿಸಿದಾಗ ವೇಗ ಜಿಗಿಯುತ್ತದೆ. ಎರಡೂ ಸ್ಕ್ರೂಗಳನ್ನು ಸಮಸಮನಾಗಿ ಇಳಿಸುತ್ತ 1,200ರ ಆಸುಪಾಸಿಗೆ ತಂದೆ. ಇದನ್ನು ಬೇಗ ಮುಗಿಸಬೇಕು, ಏಕೆಂದರೆ ಉರಿಯದ ಸಿಲಿಂಡರಿಗೂ ಪೆಟ್ರೋಲ್ ಹೋಗುತ್ತಲೇ ಇರುತ್ತದೆ.

ಏರ್ ಸ್ಕ್ರೂ (ಐಡ್ಲಿಂಗ್ ಮಿಶ್ರಣದ ಗಾಳಿ ಹೊಂದಿಸುವ ತಿರುಪು) ಒಂದೂವರೆ ಸುತ್ತಿನಿಂದ ಶುರುಮಾಡಿದೆ. ಈ ಬಗೆಯ ಮಿಕುನಿ ಕಾರ್ಬ್ಯುರೇಟರಿನಲ್ಲಿ ಅದು ಫಿಲ್ಟರಿನ ಕಡೆಗಿರುತ್ತದೆ. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ದಪ್ಪವಾಗುತ್ತದೆ, ಅಂದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ನಿನ ಕಡೆಗೆ ಸ್ಕ್ರೂ ಇರುವ ಕಾರ್ಬ್ಯುರೇಟರುಗಳಲ್ಲಿ ಲೆಕ್ಕ ತಿರುವುಮುರುವು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೇಗ ಏರದಿರುವುದನ್ನು ಖಚಿತಪಡಿಸಿಕೊಂಡೆ. ಏರಿದ್ದರೆ ಕೇಬಲ್ ಬಿಗಿಯಾಗಿದೆ ಎಂದರ್ಥ.

ಕಡೆಯದು ಎಂಜಿನ್ನಿಗೆ ಎಣ್ಣೆ ಊಡುವ ಆಯಿಲ್ ಪಂಪ್. ಹಿಡಿಯಿಂದ ಬರುವ ಒಂದು ಕೇಬಲ್ ಟ್ಯಾಂಕಿನ ಕೆಳಗೆ ಮೂರಾಗಿ ಒಡೆಯುತ್ತದೆ: ಕಾರ್ಬ್ಯುರೇಟರಿಗೆ ಎರಡು, ಪಂಪಿಗೆ ಒಂದು. ಮೊದಲೆರಡನ್ನು ಮುಟ್ಟಿದ ಮೇಲೆ ಮೂರನೆಯದನ್ನು ನೋಡದೆ ಬಿಟ್ಟರೆ ಪಂಪ್ ಹಿಂದೆ ಬೀಳುತ್ತದೆ, ಎಣ್ಣೆ ಸಾಲದೆ ಪಿಸ್ಟನ್ ಸೀಜ್ ಆಗುತ್ತದೆ (ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ). ಪುಲ್ಲಿಯ ಗುರುತನ್ನು ಪಿನ್ನಿಗೆ ಎದುರು ತಂದೆ. ಪಂಪನ್ನೇ ಕಿತ್ತೊಗೆದು ಪೆಟ್ರೋಲಿಗೆ ಎಣ್ಣೆ ಬೆರೆಸುವವರು ಬಹಳ ಜನ; ಕಂಪನಿ ಕೊಟ್ಟ ಒಳ್ಳೆಯ ಪಂಪ್ ಇರುವಾಗ ಆ ರಗಳೆ ನನಗೆ ಬೇಡ.

ಮುಂದಿನ ಭಾನುವಾರ

ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯವರೆಗೆ ಹೋಗಿಬಂದೆ. ಕುಲುಕಾಟ ಹೋಗಿದೆ. ಮೂರನೆಯ ಗೇರಿನಲ್ಲಿ ನಿಧಾನ ಹೋಗುತ್ತಿದ್ದಾಗ ಹಿಡಿ ತಿರುಗಿಸಿದರೆ ಎರಡೂ ಕಡೆಯಿಂದ ಒಟ್ಟಿಗೆ ಎಳೆತ ಬರುತ್ತದೆ.

ಜೆಟ್ ಬಗ್ಗೆ ಒಂದು ಮಾತು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಮೇನ್ ಜೆಟ್ (ಹೆಚ್ಚು ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ನಳಿಗೆ) ಒಂದಳತೆ ಚಿಕ್ಕದು ಹಾಕಿ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಈ ಎತ್ತರದಲ್ಲಿ ಗಾಳಿ ಸುಮಾರು ಶೇ 8ರಷ್ಟು ತೆಳು, ಹೌದು. ಆದರೆ ಕಾರ್ಬ್ಯುರೇಟರಿನ ಮಿಶ್ರಣ ದಪ್ಪವಾಗುವುದು ಅದರ ಅರ್ಧದಷ್ಟೇ. ಇತ್ತ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬಂದಿದೆ. ಒಂದು ಪಾಲು ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕಾದರೆ, ಎಥನಾಲ್‌ಗೆ ಸುಮಾರು 9 ಸಾಕು. ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ಶೇ 7ರಷ್ಟು ತೆಳುವಾಗುತ್ತದೆ. ಎತ್ತರ ಕೊಟ್ಟದ್ದನ್ನೆಲ್ಲ ಎಥನಾಲ್ ಕಿತ್ತುಕೊಂಡು ಇನ್ನಷ್ಟು ಕೇಳುತ್ತಿದೆ. ಇಂಥ ಹೊತ್ತಿನಲ್ಲಿ ಜೆಟ್ ಚಿಕ್ಕದು ಮಾಡುವುದು ಪಿಸ್ಟನ್ನಿಗೆ ಕೇಡು.

ಹಾರೋಹಳ್ಳಿಯ ಬಳಿ ಒಂದೇ ವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿದೆ. ಬಲಗಡೆಯದು ಕಾಫಿ ಬಣ್ಣ, ಅಂದರೆ ಮಿಶ್ರಣ ಸರಿಯಿದೆ. ಎಡಗಡೆಯದು ಇನ್ನೂ ಬಿಳಿಚಿಕೊಂಡಿದೆ, ಅಂದರೆ ಮಿಶ್ರಣ ತೆಳು. ಸ್ಲೈಡಿನ ಸೂಜಿಗೆ ಸಿಕ್ಕಿಸಿದ ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಇಳಿಸಿದರೆ ಸೂಜಿ ಮೇಲೇರಿ ಮಿಶ್ರಣ ದಪ್ಪವಾಗುತ್ತದೆ, ಬಣ್ಣವೂ ಬಂದೀತು. ಆದರೆ ಒಂದು ಕಡೆ ಮಾತ್ರ ಹಾಗೆ ಮಾಡುವುದೆಂದರೆ ರೋಗ ಮುಚ್ಚಿಡುವುದು. ಎರಡೂ ಕಾರ್ಬ್ಯುರೇಟರ್ ಒಂದೇ ಆಗಿರುವಾಗ, ಎಡ ಸಿಲಿಂಡರಿಗೆ ಗಾಳಿ ಬೇರೆಲ್ಲಿಂದಲೋ ನುಗ್ಗುತ್ತಿರಬೇಕು. ರಬ್ಬರ್ ಹೊಸದು. ಉಳಿದದ್ದು ಜನರೇಟರಿನ ಹಿಂದಿರುವ ಎಡ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ದಂಡದ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ). ಬಲಗಡೆಯ ಸೀಲ್ ಹೋಗಿದ್ದರೆ ಗೇರ್ ಎಣ್ಣೆ ಎಳೆದುಕೊಂಡು ಹೊಗೆ ಬರುತ್ತಿತ್ತು. ಎಡದ್ದು ಬರಿಯ ಗಾಳಿ ಎಳೆಯುತ್ತದೆ.

ಅಮ್ಮನ ಹಳೆಯ ಬಿಪಿ ಯಂತ್ರದ ರಬ್ಬರ್ ಪಂಪು, ಮೀಟರು ಕೇಳಿ ತೆಗೆದುಕೊಂಡಿದ್ದೇನೆ. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ ಮೀಟರು 250 ತೋರಿಸುವವರೆಗೆ ಒತ್ತಡ ತುಂಬಿ, ಸೀಲಿಗೆ ಸಾಬೂನು ನೀರು ಹಚ್ಚಿ ನೋಡುವುದು ಮುಂದಿನ ಕೆಲಸ. ಅಲ್ಲಿಯವರೆಗೆ ಗಾಡಿಯನ್ನು ಹೆದ್ದಾರಿಗೆ ಒಯ್ಯುವುದಿಲ್ಲ.