ಲಾಕರ್ ಹಾಕಿಸಿದರೆ ಆಕ್ಸಲ್ ಮುರಿಯುತ್ತದೆಯೇ?

ಸಕಲೇಶಪುರದ ಸುತ್ತಿನ ತೋಟದ ಜೀಪುಗಳು, ವಾರಾಂತ್ಯಕ್ಕೆ ಕೆಸರು ಹುಡುಕಿಕೊಂಡು ಬರುವ ಥಾರ್ ಮತ್ತು ಜಿಪ್ಸಿಗಳು: ನಮ್ಮ ಗ್ಯಾರೇಜಿಗೆ ಅನ್ನ ಹಾಕುವುದು ಇವೇ. ಮಳೆಗಾಲ ಹತ್ತಿರವಾಗುತ್ತಿದ್ದಂತೆ ಹುಡುಗರು ಲಾಕರ್ ಬಗ್ಗೆ, ಅಂದರೆ ಒಂದು ಆಕ್ಸಲಿನ ಎರಡೂ ಚಕ್ರಗಳನ್ನು ಒಟ್ಟಿಗೇ ಸುತ್ತಿಸುವ ಬೀಗದ ಬಗ್ಗೆ, ಕೇಳುವುದು ಒಂದೇ ಪ್ರಶ್ನೆ. “ಅಣ್ಣಾ, ಲಾಕರ್ ಹಾಕಿಸಿದರೆ ಆಕ್ಸಲ್ ಮುರಿಯುತ್ತದಂತೆ, ಹೌದೇ?”

ಮುರಿಯಬಹುದು. ಆದರೆ ಯಾಕೆ ಎಂಬುದನ್ನು ತಿಳಿಯದೆ ಹಣ ಸುರಿಯಬಾರದು.

ಆಕ್ಸಲಿನ ನಡುವಿನ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎಂಜಿನ್ನಿನ ತಿರುಚುಬಲವನ್ನು ಶಾಫ್ಟುಗಳ, ಅಂದರೆ ಆಕ್ಸಲಿನೊಳಗಿನ ಉಕ್ಕಿನ ಸರಳುಗಳ, ಮೂಲಕ ಎರಡೂ ಚಕ್ರಗಳಿಗೆ ಸಮನಾಗಿ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದು ಅದಕ್ಕೆ ತಡೆಯೇ ಇಲ್ಲದಿದ್ದರೆ, ನೆಲದ ಮೇಲಿನ ಚಕ್ರಕ್ಕೂ ಏನೂ ಸಿಗುವುದಿಲ್ಲ. ಗಾಡಿ ಅಲ್ಲೇ ನಿಲ್ಲುತ್ತದೆ, ಶಾಫ್ಟ್ ಉಳಿಯುತ್ತದೆ. ಲಾಕರ್ ಈ ಸಮಪಾಲನ್ನು ರದ್ದು ಮಾಡುತ್ತದೆ. ಹಿಡಿತ ಇರುವ ಚಕ್ರವೇ ಪೂರ್ತಿ ಬಲ ಎಳೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ಹಿಂದಿನ ಒಂದೊಂದು ಚಕ್ರದ ಮೇಲೆ 500 ಕಿಲೋ ಭಾರ, ಟೈರ್ 30 ಇಂಚಿನದು, ಒಣ ಬಂಡೆಯ ಮೇಲೆ ಒಳ್ಳೆಯ ಹಿಡಿತ. ಚಕ್ರ ಜಾರುವ ಮೊದಲು ಶಾಫ್ಟಿನ ಮೇಲೆ ಬೀಳಬಹುದಾದದ್ದು ಸುಮಾರು 1,500 ನ್ಯೂಟನ್ ಮೀಟರ್. ಎಡ ಚಕ್ರ ಮೇಲೆದ್ದರೆ ಅದರ ಭಾರವೂ ಬಲ ಚಕ್ರಕ್ಕೇ ಬರುತ್ತದೆ. ಲಾಕರ್ ಇದ್ದರೆ ಆ ಒಂದೇ ಶಾಫ್ಟ್ 3,000 ಹೊರಬೇಕು. ಟೈರನ್ನು 33 ಇಂಚಿಗೆ ಏರಿಸಿದರೆ ಇನ್ನೂ ಶೇಕಡಾ 10 ಸೇರುತ್ತದೆ. ಎಂಜಿನ್ ಸಣ್ಣದು ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ. ಲೋ ರೇಂಜಿನ, ಅಂದರೆ ವೇಗ ಇಳಿಸಿ ಎಳೆತ ಹೆಚ್ಚಿಸುವ ಜೋಡಣೆಯ, ಮೊದಲ ಗೇರಿನಲ್ಲಿ ಗೇರುಗಳ ಒಟ್ಟು ಅನುಪಾತ 40 ಇದ್ದರೆ, 150 ನ್ಯೂಟನ್ ಮೀಟರಿನ ಎಂಜಿನ್ನೂ 6,000ದವರೆಗೆ ಕೊಡಬಲ್ಲದು. ಅದಕ್ಕೇ ಲಾಕರಿನ ಬೆಲೆ ಕೇಳಿದವರಿಗೆ ನಾನು ಮೊದಲು ಟೈರಿನ ಅಳತೆ ಕೇಳುತ್ತೇನೆ.

ಇಷ್ಟಾದರೂ, ನಮ್ಮಲ್ಲಿಗೆ ಮುರಿದು ಬರುವ ಶಾಫ್ಟುಗಳಲ್ಲಿ ಹೆಚ್ಚಿನವು ಲಾಕರ್ ಇಲ್ಲದ ಗಾಡಿಗಳವು. ಗಾಡಿ ಸಿಕ್ಕಿಕೊಂಡ ಕೂಡಲೇ ಚಾಲಕ ಆಕ್ಸಿಲರೇಟರನ್ನು ನೆಲಕ್ಕೆ ಒತ್ತುತ್ತಾನೆ. ಗಾಳಿಯಲ್ಲಿರುವ ಚಕ್ರ ಕ್ರೌನಿನ, ಅಂದರೆ ಡಿಫರೆನ್ಷಿಯಲನ್ನು ಸುತ್ತಿಸುವ ದೊಡ್ಡ ಗೇರಿನ, ಎರಡರಷ್ಟು ವೇಗದಲ್ಲಿ ಸುತ್ತುತ್ತದೆ. ಅದೇ ಸ್ಥಿತಿಯಲ್ಲಿ ಕಲ್ಲಿನ ಮೇಲೆ ಬಿದ್ದು ಕಚ್ಚಿದರೆ, ಆ ವೇಗದ ಹೊಡೆತವೆಲ್ಲ ಶಾಫ್ಟಿಗೆ. ಲಾಕರ್ ಇದ್ದವನು ಅದೇ ಜಾಗವನ್ನು ನಡಿಗೆಯ ವೇಗದಲ್ಲಿ ದಾಟಬಹುದು, ದಾಟುವ ತಾಳ್ಮೆ ಇದ್ದರೆ. ಥಾರಿನ ಕೆಲವು ಮಾದರಿಗಳಲ್ಲಿ ಹಿಂದಿನ ಮೆಕ್ಯಾನಿಕಲ್ ಲಾಕರ್ ಕಂಪನಿಯಿಂದಲೇ ಬರುತ್ತದೆ. ಎರಡು ಚಕ್ರಗಳ ವೇಗದಲ್ಲಿ ಅಂತರ ಬಂದಾಗ ತಾನಾಗಿ ಕಚ್ಚಿಕೊಳ್ಳುತ್ತದೆ. ಅದು ಕಚ್ಚುವವರೆಗೆ ಹದವಾಗಿ ಒತ್ತಿ ಕಾಯಬೇಕು. ರೊಯ್ಯನೆ ಎಬ್ಬಿಸಿದರೆ ಲಾಕರ್ ಇದ್ದೂ ಹೊಡೆತ ತಪ್ಪುವುದಿಲ್ಲ.

ಬಿಚ್ಚಿದ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಸಾಕಷ್ಟು ವಿಷಯ ತಿಳಿಯುತ್ತದೆ. ಸ್ಪ್ಲೈನಿನ, ಅಂದರೆ ಶಾಫ್ಟಿನ ತುದಿಯ ಹಲ್ಲುಗಳ, ಗೆರೆಗಳು ನೇರವಾಗಿರಬೇಕು. ಹಗ್ಗ ಹೊಸೆದಂತೆ ಓರೆಯಾಗಿದ್ದರೆ ಉಕ್ಕು ತನ್ನ ಮಿತಿ ದಾಟಿ ತಿರುಚಿಕೊಂಡಿದೆ ಎಂದರ್ಥ. ಅದು ಮುರಿದಿಲ್ಲವೆಂದು ಮತ್ತೆ ಕೂರಿಸಿಕೊಡಿ ಎನ್ನುವವರಿದ್ದಾರೆ, ನಾನು ಕೂರಿಸುವುದಿಲ್ಲ. ಮುರಿದ ಮುಖದಲ್ಲಿ ಒಂದು ಭಾಗ ಮಾತ್ರ ನಯವಾಗಿ, ಅಂಚಿನಿಂದ ಒಳಕ್ಕೆ ಬಳೆ ಬಳೆಯಾದ ಗೆರೆಗಳಿದ್ದರೆ ಬಿರುಕು ಹಳೆಯದು, ದೂರು ಮಾತ್ರ ಹೊಸದು.

ಮುಂದಿನ ಆಕ್ಸಲಿನ ವಿಷಯದಲ್ಲಿ ನಾನು ಇನ್ನೂ ಜಿಪುಣ. ಸ್ಟಿಯರಿಂಗ್ ಪೂರ್ತಿ ತಿರುಗಿದಾಗ ಶಾಫ್ಟನ್ನು ಚಕ್ರಕ್ಕೆ ಜೋಡಿಸುವ ಜಾಯಿಂಟಿನ ಕೋನ ಹೆಚ್ಚಿ ಅದರ ಶಕ್ತಿ ಕುಗ್ಗುತ್ತದೆ. ಲಾಕರ್ ಒತ್ತಡ ತರುವುದೂ ಆಗಲೇ. ಮುಂದಕ್ಕೆ ಬೇಕೇ ಬೇಕೆಂದರೆ ಸ್ವಿಚ್ ಇರುವ ಏರ್ ಲಾಕರ್ ಹಾಕಿಸಿ, ಚಕ್ರ ನೇರ ಇರುವಾಗ ಮಾತ್ರ ಒತ್ತಿ. ಡಿಫರೆನ್ಷಿಯಲಿನೊಳಗಿನ ಸಣ್ಣ ಸ್ಪೈಡರ್ ಗೇರುಗಳನ್ನು ವೆಲ್ಡ್ ಮಾಡಿಸಿದ ಅಗ್ಗದ ಲಾಕರ್ ತೋಟದೊಳಗಿನ ಕೆಸರಿಗೆ ನಡೆದೀತು. ಡಾಂಬರು ರಸ್ತೆಯ ಪ್ರತಿ ತಿರುವಿನಲ್ಲೂ ಅದು ಟೈರನ್ನು ತಿಕ್ಕಿ ಶಾಫ್ಟನ್ನು ತಿರುಚುತ್ತದೆ.

ಹೆಚ್ಚು ಗಟ್ಟಿಯಾದ ಮಿಶ್ರ ಉಕ್ಕಿನ ಕ್ರೋಮೋಲಿ ಶಾಫ್ಟ್ ಹಾಕಿಸಿಬಿಟ್ಟರೆ ಚಿಂತೆ ಇಲ್ಲವಲ್ಲ ಎನ್ನುತ್ತಾರೆ. ಶಾಫ್ಟ್ ಗಟ್ಟಿಯಾದರೆ ಹೊಡೆತ ಮಾಯವಾಗುವುದಿಲ್ಲ, ಮುಂದಿನ ದುರ್ಬಲ ಭಾಗಕ್ಕೆ ಹೋಗುತ್ತದೆ. ಅದು ಕ್ರೌನ್ ಪಿನಿಯನ್, ಅಂದರೆ ಕ್ರೌನ್ ಮತ್ತು ಅದನ್ನು ಸುತ್ತಿಸುವ ಸಣ್ಣ ಗೇರು, ಆಗಿದ್ದರೆ ಹೌಸಿಂಗ್ ಬಿಚ್ಚಿ, ತೆಳು ತಗಡಿನ ಶಿಮ್ ಇಟ್ಟು, ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಲ್ಲಿ ಅಳೆದು ಕೂರಿಸಬೇಕು. ಬಿಸಿಲೆ ಘಾಟಿಯ ಮಳೆಯಲ್ಲಿ ಅದಾಗುವ ಕೆಲಸವಲ್ಲ. ಕಂಪನಿಯ ಶಾಫ್ಟನ್ನೇ ಉಳಿಸಿಕೊಂಡು ಇನ್ನೊಂದನ್ನು ಸೀಟಿನ ಹಿಂದೆ ಕಟ್ಟಿಕೊಳ್ಳಿ. ಜ್ಯಾಕ್, ಸ್ಪ್ಯಾನರ್ ಇದ್ದರೆ ಅದನ್ನು ದಾರಿಯಲ್ಲೇ ಬದಲಿಸಬಹುದು.