ಗ್ಲಾಸ್ಗೋದಲ್ಲಿ ಕ್ವೀನ್ಸ್ ಪಾರ್ಕ್ ಆಟಗಾರರ ಜಾಡು ಹಿಡಿದು

ಗ್ಲಾಸ್ಗೋ ನಗರಕ್ಕೆ ಹೋಗುವ ಫುಟ್‌ಬಾಲ್ ಅಭಿಮಾನಿಗಳಲ್ಲಿ ಹೆಚ್ಚಿನವರು ಸೆಲ್ಟಿಕ್ ಅಥವಾ ರೇಂಜರ್ಸ್ ಕ್ಲಬ್ಬಿನ ಕ್ರೀಡಾಂಗಣವನ್ನು ನೋಡಿಕೊಂಡು, ಸಮಯ ಉಳಿದರೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಕ್ರೀಡಾಂಗಣವಾದ ಹ್ಯಾಂಪ್ಡನ್ ಪಾರ್ಕಿನ ವಸ್ತುಸಂಗ್ರಹಾಲಯಕ್ಕೂ ಒಮ್ಮೆ ಹೋಗಿ ಬರುತ್ತಾರೆ. ಆದರೆ ಸ್ಕಾಟ್ಲೆಂಡಿಗೆ ಮೊದಲ ರಾಷ್ಟ್ರೀಯ ತಂಡವನ್ನು ಕೊಟ್ಟದ್ದು ಆ ಎರಡೂ ದೊಡ್ಡ ಕ್ಲಬ್ಬುಗಳಲ್ಲ. 1867ರ ಜುಲೈ 9ರಂದು ಹುಟ್ಟಿದ ಕ್ವೀನ್ಸ್ ಪಾರ್ಕ್ ಎಂಬ ಕ್ಲಬ್ ಆ ತಂಡವನ್ನು ಕಟ್ಟಿತು. 2019ರವರೆಗೂ ತನ್ನ ಆಟಗಾರರಿಗೆ ಸಂಬಳ ಕೊಡದೆ, ಆಟಕ್ಕಾಗಿಯೇ ಆಟ ಎಂಬ ಅರ್ಥದ ಲ್ಯಾಟಿನ್ ಧ್ಯೇಯವಾಕ್ಯದೊಂದಿಗೆ ನಡೆದುಬಂದ ಕ್ಲಬ್ ಇದು. ಅದರ ಹಳೆಯ ಅಂತರರಾಷ್ಟ್ರೀಯ ಆಟಗಾರರನ್ನು ನೆನೆಯುವ ಉದ್ದೇಶದಿಂದಲೇ ಪ್ರವಾಸ ಕೈಗೊಳ್ಳುವವರಿಗೆ ನನ್ನ ಮುಖ್ಯ ಸಲಹೆ ಒಂದೇ. ವಸ್ತುಸಂಗ್ರಹಾಲಯದಿಂದ ಆರಂಭಿಸದೆ ಅವರು ಆಡಿದ ನೆಲಗಳನ್ನು ಕಾಲಕ್ರಮದಲ್ಲಿ ನೋಡಿಕೊಂಡು ಕೊನೆಗೆ ಅಲ್ಲಿಗೆ ಬನ್ನಿ. ಹೀಗೆ ಮಾಡಿದರೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳು ಯಾರವು, ಯಾವ ಮೈದಾನದವು ಎಂಬುದು ಮೊದಲೇ ತಿಳಿದಿರುತ್ತದೆ.

ಬೆಂಗಳೂರಿನಿಂದ ಗ್ಲಾಸ್ಗೋಗೆ ದುಬೈ ಮಾರ್ಗವಾಗಿ ಹೋಗಬಹುದು. ಲಂಡನ್ನಿಗೆ ನೇರ ವಿಮಾನ ಹಿಡಿದು ಅಲ್ಲಿನ ಯೂಸ್ಟನ್ ನಿಲ್ದಾಣದಿಂದ ಗ್ಲಾಸ್ಗೋ ಸೆಂಟ್ರಲ್‌ಗೆ ಸುಮಾರು ನಾಲ್ಕೂವರೆ ಗಂಟೆಯ ರೈಲು ಪ್ರಯಾಣವನ್ನೂ ಮಾಡಬಹುದು. ಈ ವಿಷಯದಲ್ಲಿ ಆಸಕ್ತಿಯುಳ್ಳವರಿಗೆ ಎರಡನೆಯ ದಾರಿಯೇ ಲೇಸು, ಏಕೆಂದರೆ ಕಥೆಯ ಒಂದು ಮುಖ್ಯ ಕೊಂಡಿ ಲಂಡನ್ನಿನಲ್ಲಿದೆ. ಉಳಿದುಕೊಳ್ಳಲು ಸೆಂಟ್ರಲ್ ನಿಲ್ದಾಣದ ಆಸುಪಾಸಿನಲ್ಲಿ ಕೋಣೆ ಹಿಡಿಯುವುದು ಅನುಕೂಲಕರ. ಡಿಸೆಂಬರ್ ತಿಂಗಳಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುವುದರಿಂದ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲೂ ಮಳೆ ತಪ್ಪದು. ಗಾಳಿ ಜೋರಾಗಿರುವುದರಿಂದ ಕೊಡೆಗಿಂತ ಟೊಪ್ಪಿಗೆಯುಳ್ಳ ಮಳೆಯಂಗಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ನಗರದ ಪಶ್ಚಿಮ ಭಾಗದ ಪಾರ್ಟಿಕ್‌ಗೆ ಹೋಗಬೇಕು. ರೈಲು, ಸುರಂಗ ರೈಲು ಎರಡೂ ಅಲ್ಲಿ ನಿಲ್ಲುತ್ತವೆ. ನಿಲ್ದಾಣದಿಂದ ಮೈದಾನಕ್ಕೆ ನಡೆದೇ ತಲುಪಬಹುದು. ಚರಿತ್ರೆಯ ಪುಸ್ತಕಗಳಲ್ಲಿ ಈ ಮೈದಾನಕ್ಕೆ ಹ್ಯಾಮಿಲ್ಟನ್ ಕ್ರೆಸೆಂಟ್ ಎಂಬ ಹೆಸರಿದ್ದರೂ ಮೊಬೈಲ್ ನಕ್ಷೆಯಲ್ಲಿ ವೆಸ್ಟ್ ಆಫ್ ಸ್ಕಾಟ್ಲೆಂಡ್ ಕ್ರಿಕೆಟ್ ಕ್ಲಬ್ ಎಂದು ಹುಡುಕಿದರೆ ದಾರಿ ಸುಲಭವಾಗಿ ಸಿಗುತ್ತದೆ. 1872ರ ನವೆಂಬರ್ 30ರ ಶನಿವಾರ, ಸೇಂಟ್ ಆಂಡ್ರ್ಯೂ ಹಬ್ಬದ ದಿನ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಜಗತ್ತಿನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆದದ್ದು ಈ ಕ್ರಿಕೆಟ್ ಮೈದಾನದಲ್ಲಿ. ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಯಾದದ್ದು ಮರುವರ್ಷದ ಮಾರ್ಚ್‌ನಲ್ಲಿ. ಹೀಗಾಗಿ ಪಂದ್ಯದ ಹೊಣೆಯನ್ನು ಕ್ವೀನ್ಸ್ ಪಾರ್ಕ್ ಕ್ಲಬ್ಬೇ ಹೊತ್ತಿತು. ಗೋಲ್‌ಕೀಪರ್ ಹಾಗೂ ನಾಯಕರಾಗಿದ್ದ ರಾಬರ್ಟ್ ಗಾರ್ಡ್ನರ್ ತಂಡವನ್ನು ಆರಿಸಿದರು, ಆರಿಸಿದ ಹನ್ನೊಂದು ಮಂದಿಯೂ ಕ್ವೀನ್ಸ್ ಪಾರ್ಕಿನವರೇ ಆಗಿದ್ದರು. ಅವರಲ್ಲಿ ರಾಬರ್ಟ್ ಸ್ಮಿತ್ ಮತ್ತು ಜೇಮ್ಸ್ ಸ್ಮಿತ್ ಅಣ್ಣತಮ್ಮಂದಿರು. ಅಂದು ಕ್ಲಬ್ಬಿನ ಅಂಗಿಯ ಬಣ್ಣ ಕಡುನೀಲಿ; ಸ್ಕಾಟ್ಲೆಂಡ್ ತಂಡ ಇಂದಿಗೂ ತೊಡುವ ಕಡುನೀಲಿ ಅಲ್ಲಿಂದಲೇ ಬಂದದ್ದು. ಈಗ ಕ್ಲಬ್ಬಿನ ಗುರುತಾಗಿರುವ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು ಅದರ ಮರುವರ್ಷ ಬಂದವು.

ಒಂದು ಶಿಲ್ಲಿಂಗ್ ತೆತ್ತು ಒಳಗೆ ಬಂದ ಸುಮಾರು 4,000 ಪ್ರೇಕ್ಷಕರಿಗೆ ಒಂದು ಗೋಲೂ ನೋಡಸಿಗಲಿಲ್ಲ. ಗೋಲು ಕಂಬಗಳ ಮೇಲೆ ಅಡ್ಡಕಂಬದ ಬದಲು ಬಿಗಿದಿದ್ದ ಟೇಪಿನ ಮೇಲೆ ರಾಬರ್ಟ್ ಲೆಕಿ ಅವರ ಒಂದು ಹೊಡೆತ ಹೋಗಿ ಬಿದ್ದುದೇ ಸ್ಕಾಟ್ಲೆಂಡಿಗೆ ದೊರೆತ ಅತಿ ಸಮೀಪದ ಅವಕಾಶ. ಇಂಗ್ಲೆಂಡಿನವರು ಮೈಕಟ್ಟಿನಲ್ಲಿ ದೊಡ್ಡವರಾಗಿದ್ದು, ಒಬ್ಬೊಬ್ಬರೇ ಚೆಂಡನ್ನು ಕಾಲಿನಲ್ಲಿ ಹಿಡಿದು ನುಗ್ಗುವ ಆಟಕ್ಕೆ ಹೆಸರಾಗಿದ್ದರು. ಒಟ್ಟಿಗೆ ಆಡಿ ಪಳಗಿದ್ದ ಕ್ವೀನ್ಸ್ ಪಾರ್ಕಿನವರು ಚೆಂಡನ್ನು ಪರಸ್ಪರ ಸಾಗಿಸುವ ರೀತಿಯನ್ನು ನೆಚ್ಚಿಕೊಂಡು ಅವರನ್ನು ತಡೆದು ನಿಲ್ಲಿಸಿದರು. ಇಂದು ನಾವು ನೋಡುವ ಫುಟ್‌ಬಾಲ್ ಆಟದ ಬೇರು ಈ ಎರಡನೆಯ ರೀತಿಯಲ್ಲಿದೆ ಎಂಬುದನ್ನು ನೆನೆದರೆ, ಗೋಲಿಲ್ಲದ ಆ ಪಂದ್ಯ ಸಪ್ಪೆಯೆನಿಸುವುದಿಲ್ಲ. ಬೇಸಿಗೆಯ ವಾರಾಂತ್ಯದಲ್ಲಿ ಹೋದರೆ ಅಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿರುವ ಸಾಧ್ಯತೆಯಿದೆ. ಬೌಂಡರಿಯ ಹೊರಗೆ ನಿಂತು ಒಂದೆರಡು ಓವರ್ ನೋಡಬಹುದು. ಬಾಗಿಲು ಮುಚ್ಚಿದ್ದರೆ ಬೇಲಿಯ ಹೊರಗಿನಿಂದಲೇ ನೋಡಿ ತೃಪ್ತಿಪಡಬೇಕು.

ಅಲ್ಲಿಂದ ಸೆಂಟ್ರಲ್ ನಿಲ್ದಾಣಕ್ಕೆ ಮರಳಿ, ಕ್ಯಾತ್‌ಕಾರ್ಟ್ ಕಡೆಗೆ ಹೋಗುವ ರೈಲು ಹತ್ತಿ ಕ್ರಾಸ್‌ಹಿಲ್‌ನಲ್ಲಿ ಇಳಿಯಬೇಕು. ಕ್ವೀನ್ಸ್ ಪಾರ್ಕ್ ಎಂಬ ನಿಲ್ದಾಣ ಅದರ ಹಿಂದಿನದು; ಹೆಸರು ಕಂಡು ಆತುರದಿಂದ ಅಲ್ಲೇ ಇಳಿಯುವ ಅಗತ್ಯವಿಲ್ಲ. 1873ರ ಅಕ್ಟೋಬರ್‌ನಲ್ಲಿ ಆರಂಭವಾದ ಕ್ವೀನ್ಸ್ ಪಾರ್ಕ್ ಕ್ಲಬ್ಬಿನ ಮೊದಲ ಹ್ಯಾಂಪ್ಡನ್ ಮೈದಾನ ಇದ್ದದ್ದು ಕ್ರಾಸ್‌ಹಿಲ್‌ನಲ್ಲಿ. ಪಕ್ಕದ ಮನೆಸಾಲಿನ ಹೆಸರಾದ ಹ್ಯಾಂಪ್ಡನ್ ಟೆರೇಸ್‌ನಿಂದ ಮೈದಾನಕ್ಕೆ ಆ ಹೆಸರು ಬಂತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹೊಸ ರೈಲು ಮಾರ್ಗಕ್ಕಾಗಿ ಮೈದಾನದ ಅಂಚನ್ನು ಬಿಟ್ಟುಕೊಡಬೇಕಾಗಿ ಬಂದು ಕ್ಲಬ್ ಅಲ್ಲಿಂದ ಎದ್ದುಹೋಯಿತು. ನೀವು ಕುಳಿತು ಬಂದ ರೈಲು ಓಡುವುದು ಅದೇ ಹಳಿಯ ಮೇಲೆ.

ಈಗ ಅಲ್ಲಿರುವುದು ಲಾನ್ ಬೌಲ್ಸ್ ಆಡುವ ನುಣುಪಾದ ಹುಲ್ಲುಹಾಸು ಹಾಗೂ ಒಂದು ಸಣ್ಣ ಕಟ್ಟಡ. ಈ ಇಡೀ ಪ್ರವಾಸದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕಟ್ಟಡದ ಗೋಡೆಯ ಮೇಲೆ 1882ರ ಮಾರ್ಚ್ 11ರಂದು ಇದೇ ನೆಲದಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡನ್ನು 5-1 ಗೋಲುಗಳಿಂದ ಸೋಲಿಸಿದ ಪಂದ್ಯದ ಭಿತ್ತಿಚಿತ್ರವಿದೆ. ಆ ಆಟಗಾರರ ನಡುವೆ ಆಂಡ್ರ್ಯೂ ವಾಟ್ಸನ್ ಇದ್ದಾರೆ. ಖಾಸಗಿ ಆವರಣವಾದ್ದರಿಂದ ಗೇಟು ತೆರೆದಿರುತ್ತದೆಂಬ ಭರವಸೆಯಿಲ್ಲ. ಒಳಗೆ ಹೋಗಿ ನೋಡಬೇಕೆಂದರೆ ಮುಂಚಿತವಾಗಿ ಬರೆದು ಅನುಮತಿ ಕೇಳುವುದು ಕ್ಷೇಮ. ಹುಲ್ಲುಹಾಸಿನ ಮೇಲೆ ಮಾತ್ರ ಕಾಲಿಡಬಾರದು. ಅದನ್ನು ಅಷ್ಟು ಜತನದಿಂದ ನೋಡಿಕೊಳ್ಳುತ್ತಾರೆ.

ವಾಟ್ಸನ್ ಅವರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1856ರಲ್ಲಿ, ಆಗ ಬ್ರಿಟಿಷ್ ಗಯಾನಾ ಎನಿಸಿಕೊಂಡಿದ್ದ ನಾಡಿನ ಡೆಮೆರಾರಾದಲ್ಲಿ ಅವರು ಜನಿಸಿದರು. ತಂದೆ ಸಕ್ಕರೆ ತೋಟಗಳ ವ್ಯವಹಾರದಲ್ಲಿದ್ದ ಸ್ಕಾಟಿಷ್ ಸಿರಿವಂತ. ತಾಯಿ ಹಾನಾ ರೋಸ್ ಅಲ್ಲಿಯ ಕಪ್ಪು ಸಮುದಾಯದ ಮಹಿಳೆ. ಇಂಗ್ಲೆಂಡಿನಲ್ಲಿ ಶಾಲೆ ಓದಿ, 1875ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ ಅವರು ಪಾರ್ಕ್‌ಗ್ರೋವ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಡಿ, ಬಳಿಕ ಕ್ವೀನ್ಸ್ ಪಾರ್ಕಿಗೆ ಬಂದರು, ಆ ಕ್ಲಬ್ಬಿನ ಕಾರ್ಯದರ್ಶಿಯೂ ಆದರು. 1881ರ ಮಾರ್ಚ್ 12ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡ್ 6-1ರಿಂದ ಗೆದ್ದಾಗ ತಂಡದ ನಾಯಕರು ಅವರೇ. ತನ್ನ ನೆಲದಲ್ಲಿ ಇಂಗ್ಲೆಂಡ್ ಅಷ್ಟು ಹೀನಾಯವಾಗಿ ಮತ್ತೆಂದೂ ಸೋತಿಲ್ಲ. ಅವರು ಆಡಿದ ಮೂರು ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಸ್ಕಾಟ್ಲೆಂಡ್ ಭರ್ಜರಿಯಾಗಿ ಗೆದ್ದಿತು. 1882ರಲ್ಲಿ ಲಂಡನ್ನಿಗೆ ತೆರಳಿದ ಮೇಲೆ, ಸ್ಕಾಟ್ಲೆಂಡಿನಲ್ಲಿ ನೆಲೆಸಿದವರನ್ನು ಮಾತ್ರ ಆರಿಸುತ್ತಿದ್ದ ಅಂದಿನ ಪದ್ಧತಿಯಿಂದಾಗಿ ಅವರಿಗೆ ಮತ್ತೆ ಕರೆ ಬರಲಿಲ್ಲ. ಜಗತ್ತಿನ ಮೊದಲ ಕಪ್ಪು ಅಂತರರಾಷ್ಟ್ರೀಯ ಫುಟ್‌ಬಾಲ್ ಆಟಗಾರ ಅವರೆಂಬುದನ್ನು ಬಹುಕಾಲ ಎಲ್ಲರೂ ಮರೆತೇಬಿಟ್ಟಿದ್ದರು.

ಮಧ್ಯಾಹ್ನದ ಊಟಕ್ಕೆ ಇದೇ ಸುತ್ತಮುತ್ತ ನಿಲ್ಲುವುದು ಜಾಣತನ. ಕ್ರಾಸ್‌ಹಿಲ್‌ಗೆ ಹೊಂದಿಕೊಂಡ ಗೋವನ್‌ಹಿಲ್‌ನಲ್ಲಿ ದಕ್ಷಿಣ ಏಷ್ಯಾದ ಜನವಸತಿ ದೊಡ್ಡದಾಗಿರುವುದರಿಂದ ಸಸ್ಯಾಹಾರಿಗಳಿಗೂ ಬೇಳೆ, ರೊಟ್ಟಿ, ಸಮೋಸಕ್ಕೆ ತೊಂದರೆಯಿಲ್ಲ. ಇಂದಿನ ಹ್ಯಾಂಪ್ಡನ್ ಸಮೀಪದಲ್ಲಿ ಅಷ್ಟು ಆಯ್ಕೆ ಸಿಗುವುದಿಲ್ಲ.

ಊಟದ ನಂತರ ದಕ್ಷಿಣಕ್ಕೆ ನಡೆದರೆ ಕ್ಯಾತ್ಕಿನ್ ಪಾರ್ಕ್ ಸಿಗುತ್ತದೆ. 1884ರಿಂದ 1903ರವರೆಗೆ ಇದೇ ಎರಡನೆಯ ಹ್ಯಾಂಪ್ಡನ್ ಆಗಿತ್ತು. ಆಮೇಲೆ ಥರ್ಡ್ ಲಾನಾರ್ಕ್ ಎಂಬ ಕ್ಲಬ್ ಇಲ್ಲಿ ನೆಲೆಸಿ, 1967ರಲ್ಲಿ ಮುಚ್ಚಿಹೋಯಿತು. ಪ್ರೇಕ್ಷಕರು ನಿಲ್ಲುತ್ತಿದ್ದ ಕಾಂಕ್ರೀಟ್ ಮೆಟ್ಟಿಲುಗಳು ಮೂರು ಕಡೆ ಇನ್ನೂ ಉಳಿದಿವೆ. ಜನ ಒರಗಿ ನಿಲ್ಲುತ್ತಿದ್ದ ಕಬ್ಬಿಣದ ಕಂಬಿಗಳ ನಡುವೆ ಮರಗಳು ಬೆಳೆದು ನಿಂತಿವೆ, ಕೆಳಗಿನ ಹುಲ್ಲಿನಲ್ಲಿ ಹುಡುಗರು ಈಗಲೂ ಆಡುತ್ತಾರೆ. ಹಾಳು ಹಂಪೆಯಲ್ಲಿ ಅಡ್ಡಾಡಿದವರಿಗೆ ಈ ನೋಟ ಅಪರಿಚಿತವೆನಿಸದು. ಪ್ರವೇಶ ಶುಲ್ಕವಿಲ್ಲ, ಕಾವಲೂ ಇಲ್ಲ. ಆದರೆ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮೇಲೆ ಹತ್ತಿಸುವುದು ಬೇಡ. ಈ ಮೈದಾನದ ಕಾಲದಲ್ಲಿ ಕ್ವೀನ್ಸ್ ಪಾರ್ಕಿನಲ್ಲಿ ಬೆಳೆದವರಲ್ಲಿ ಆರ್. ಎಸ್. ಮಕಾಲ್ ಪ್ರಮುಖರು. ಸ್ಕಾಟ್ಲೆಂಡ್ ಪರ ಹದಿಮೂರು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದ ಅವರು 1900ರಲ್ಲಿ ಇಂಗ್ಲೆಂಡ್ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. ಮುಂದೆ ಮಿಠಾಯಿ ಅಂಗಡಿ ತೆರೆದು, ಅದು ದೊಡ್ಡ ಸರಣಿಯಾಗಿ ಬೆಳೆದು, ಟಾಫಿ ಬಾಬ್ ಎಂದೇ ಹೆಸರಾದರು.

ಇನ್ನಷ್ಟು ದಕ್ಷಿಣಕ್ಕೆ ನಡೆದರೆ 1903ರ ಅಕ್ಟೋಬರ್ 31ರಂದು ತೆರೆದ ಮೂರನೆಯ ಹಾಗೂ ಇಂದಿನ ಹ್ಯಾಂಪ್ಡನ್. 1937ರಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಇಲ್ಲಿ 1,49,000ಕ್ಕೂ ಹೆಚ್ಚು ಜನ ಸೇರಿದ್ದರು. ಸಂಬಳವಿಲ್ಲದ ಆಟಗಾರರ ಕ್ಲಬ್ಬೊಂದು ಇಷ್ಟು ದೊಡ್ಡ ಕ್ರೀಡಾಂಗಣದ ಒಡೆತನವನ್ನು ನೂರಕ್ಕೂ ಹೆಚ್ಚು ವರ್ಷ ಉಳಿಸಿಕೊಂಡದ್ದು ನನಗೆ ಇಂದಿಗೂ ಬೆರಗು ತರುವ ಸಂಗತಿ. 2020ರಲ್ಲಿ ಮಾತ್ರ ಅದು ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆಯ ಕೈಸೇರಿತು. ವಸ್ತುಸಂಗ್ರಹಾಲಯ ಕ್ರೀಡಾಂಗಣದ ಒಳಗೇ ಇದೆ. ಪಂದ್ಯವಿರುವ ದಿನ, ಬೇಸಿಗೆಯ ಸಂಗೀತ ಕಾರ್ಯಕ್ರಮಗಳ ಆಸುಪಾಸಿನ ದಿನಗಳಲ್ಲಿ ಮಾರ್ಗದರ್ಶಕರೊಂದಿಗಿನ ವೀಕ್ಷಣೆ ಇರುವುದಿಲ್ಲವಾದ್ದರಿಂದ, ವಿಮಾನದ ಟಿಕೆಟ್ ಕಾಯ್ದಿರಿಸುವ ಮುನ್ನವೇ ಅಲ್ಲಿನ ಕಾರ್ಯಕ್ರಮಪಟ್ಟಿ ನೋಡಿಕೊಳ್ಳಿ.

ಒಳಗೆ ಮೊದಲು ಹುಡುಕಬೇಕಾದದ್ದು 1872ರ ಪಂದ್ಯದ ಟಿಕೆಟ್. ಬೆಳಗ್ಗೆ ಪಾರ್ಟಿಕ್‌ನಲ್ಲಿ ನಿಂತು ಬಂದವರಿಗೆ ಆ ಸಣ್ಣ ಚೀಟಿಯ ಮುಂದಿನಿಂದ ಸುಲಭವಾಗಿ ಮುಂದಕ್ಕೆ ಹೋಗಲಾಗದು. 1873ರಲ್ಲಿ ತಯಾರಾದ ಸ್ಕಾಟಿಷ್ ಕಪ್ಪಿನ ಮೂಲ ಪ್ರತಿಯೂ ಇಲ್ಲೇ ಇದೆ. ಮೊದಲ ವರ್ಷವೇ ಅದನ್ನು ಗೆದ್ದ ಕ್ವೀನ್ಸ್ ಪಾರ್ಕ್, ಒಟ್ಟು ಹತ್ತು ಬಾರಿ ಅದನ್ನು ಮನೆಗೊಯ್ದಿದೆ. ಕೊನೆಯ ಗೆಲುವು 1893ರದು. ವೃತ್ತಿಪರ ಆಟ ಬೆಳೆದಂತೆ ಕ್ಲಬ್ ಹಿಂದೆ ಬಿದ್ದಿತು. ಆದರೂ ಇಲ್ಲಿ ಆಟ ಕಲಿತು ಬೇರೆಡೆ ಹೆಸರು ಮಾಡಿದವರಿಗೆ ಬರವಿಲ್ಲ. ರಾನಿ ಸಿಂಪ್ಸನ್ 1945ರಲ್ಲಿ, ಹದಿನೈದು ತುಂಬುವ ಮೊದಲೇ ಕ್ವೀನ್ಸ್ ಪಾರ್ಕಿನ ಗೋಲು ಕಾದರು. ಸ್ಕಾಟ್ಲೆಂಡ್ ಪರ ಮೊದಲ ಪಂದ್ಯ ಆಡಲು ಮಾತ್ರ 1967ರವರೆಗೆ, ಮೂವತ್ತಾರನೆಯ ವಯಸ್ಸಿನವರೆಗೆ ಕಾಯಬೇಕಾಯಿತು. ಅದೂ ವೆಂಬ್ಲಿಯಲ್ಲಿ, ವಿಶ್ವಕಪ್ ಗೆದ್ದ ಇಂಗ್ಲೆಂಡನ್ನು 3-2ರಿಂದ ಮಣಿಸಿದ ಪಂದ್ಯದಲ್ಲಿ. ನಡುವೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು ಬ್ರಿಟನ್ ತಂಡದಲ್ಲಿದ್ದರು. ಅದೇ ಕೂಟದಲ್ಲಿ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದರು. ಈಚಿನವರಲ್ಲಿ ಆಂಡಿ ರಾಬರ್ಟ್‌ಸನ್ 2012ರಲ್ಲಿ ಸಂಬಳವಿಲ್ಲದೆ ಈ ಕ್ಲಬ್ಬಿಗೆ ಆಡುತ್ತ, ಖರ್ಚಿಗಾಗಿ ಹ್ಯಾಂಪ್ಡನ್‌ನಲ್ಲೇ ಫೋನಿನಲ್ಲಿ ಟಿಕೆಟ್ ಮಾರುವ ಕೆಲಸ ಮಾಡಿದ್ದವರು. ಮುಂದೆ ಲಿವರ್‌ಪೂಲ್ ಸೇರಿ ಸ್ಕಾಟ್ಲೆಂಡಿನ ನಾಯಕರಾದರು.

ಸಾಧ್ಯವಾದರೆ ಕ್ವೀನ್ಸ್ ಪಾರ್ಕಿನ ಒಂದು ಪಂದ್ಯವನ್ನೂ ನೋಡಿ. ದೊಡ್ಡ ಕ್ಲಬ್ಬುಗಳ ಪಂದ್ಯಕ್ಕೆ ಹೋಲಿಸಿದರೆ ಟಿಕೆಟ್ ಅಗ್ಗ, ಸಿಗುವುದೂ ಸುಲಭ. ಆದರೆ ಪಂದ್ಯ ನಡೆಯುವ ಮೈದಾನ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಮರಳುವಾಗ ಮೌಂಟ್ ಫ್ಲಾರಿಡಾ ನಿಲ್ದಾಣದಿಂದ ಸೆಂಟ್ರಲ್‌ಗೆ ಹತ್ತು ಹದಿನೈದು ನಿಮಿಷದ ರೈಲು.

ಲಂಡನ್ನಿಗೆ ಮರಳಿದ ಮೇಲೆ ಅರ್ಧ ದಿನವನ್ನು ರಿಚ್ಮಂಡ್‌ಗೆ ಮೀಸಲಿಡಿ. 1921ರ ಮಾರ್ಚ್ 8ರಂದು ಕ್ಯೂ ಎಂಬಲ್ಲಿ ತೀರಿಕೊಂಡ ವಾಟ್ಸನ್ ಅವರ ಸಮಾಧಿ ರಿಚ್ಮಂಡ್ ಸ್ಮಶಾನದಲ್ಲಿದೆ. ಪಾಳುಬಿದ್ದಿದ್ದ ಆ ಸಮಾಧಿಯನ್ನು ಅವರ ನಿಧನದ ಶತಮಾನದ ಹೊತ್ತಿಗೆ ದುರಸ್ತಿ ಮಾಡಲಾಯಿತು. ನಾರ್ತ್ ಶೀನ್ ನಿಲ್ದಾಣದಿಂದ ನಡೆದು ಹೋಗಬಹುದು. ಪಕ್ಕದಲ್ಲೇ ಹೊಂದಿಕೊಂಡಂತೆ ಈಸ್ಟ್ ಶೀನ್ ಎಂಬ ಇನ್ನೊಂದು ಸ್ಮಶಾನವಿರುವುದರಿಂದ, ಸಮಾಧಿ ಇರುವ ವಿಭಾಗವನ್ನು ಅಲ್ಲಿನ ಸ್ಮಶಾನ ಕಚೇರಿಗೆ ಮೊದಲೇ ಇಮೇಲ್ ಬರೆದು ಕೇಳಿಟ್ಟುಕೊಳ್ಳಿ. ಗೇಟು ಮುಚ್ಚುವ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಚಳಿಗಾಲದಲ್ಲಿ ಹೋಗುವವರು ಮಧ್ಯಾಹ್ನಕ್ಕೆ ಮೊದಲೇ ಹೊರಡುವುದು ಒಳ್ಳೆಯದು.